ಅದು ಊರಾತು, ನಿಂದು?

ನನ್ನ ಮೇಜಿನ ಮೇಲೆ ಒಂದೇ ಮದುವೆಯ ಎರಡು ಲಗ್ನಪತ್ರಿಕೆಗಳಿವೆ. ದೊಡ್ಡಪ್ಪನ ಕಿರಿಯ ಮಗನ ಮದುವೆ. ವರ ರೋಣದವನು, ವಧು ಗಜೇಂದ್ರಗಡದವಳು. ಮುಹೂರ್ತ ಒಂದೇ, ಮಂಟಪ ಒಂದೇ, ಅಂಚಿನ ಕುಂಕುಮದ ಬಣ್ಣವೂ ಒಂದೇ. ವ್ಯತ್ಯಾಸ ಇರುವುದು ಒಂದು ಪದದಲ್ಲಿ. ಮೊದಲನೆಯದರಲ್ಲಿ ದೊಡ್ಡಪ್ಪನ ಹೆಸರಿನ ಕೊನೆಗೆ ನಮ್ಮ ಮನೆತನದ ಅಡ್ಡಹೆಸರಿದೆ. ಎರಡನೆಯದರಲ್ಲಿ ಅದಿಲ್ಲ, ಆ ಜಾಗದಲ್ಲಿ ‘ಸಾ॥ ರೋಣ’ ಅಂತಷ್ಟೇ ಇದೆ. ಈ ಎರಡನೆಯ ಬಗೆಯವನ್ನು ಅಚ್ಚು ಹಾಕಿಸಿದ್ದು ಐವತ್ತು ಮಾತ್ರ. ಅವು ಹುಬ್ಬಳ್ಳಿಯಲ್ಲಿರುವ ನಮ್ಮಪ್ಪ ತನ್ನ ಆಫೀಸಿನವರಿಗೆ ಹಂಚಲಿಕ್ಕೆ.

ಅಪ್ಪ ಹೀಗೆ ಮಾಡು ಎಂದು ಹೇಳಿರಲಿಲ್ಲ. ಫೋನಿನಲ್ಲಿ ಒಮ್ಮೆ, ಬೇರೆ ಏನನ್ನೋ ಮಾತಾಡುವಾಗ, ‘ಕಾರ್ಡಿನ್ಯಾಗ ಅಡ್ಡಹೆಸರು ಹಾಕಸೂದು ಬೇಕನ ಅಣ್ಣಾ?’ ಎಂದು ಕೇಳಿದ್ದ. ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ‘ನೋಡೂಣ ತಮ್ಮಾ’ ಅಂದಿದ್ದ. ಮುಂದಿನ ವಾರ ಕ್ಷೇತ್ರಕಾರ್ಯಕ್ಕೆಂದು ರೋಣಕ್ಕೆ ಹೋದಾಗ ನನ್ನ ಕೈಯಲ್ಲಿ ದಾರ ಕಟ್ಟಿದ ಎರಡು ಕಟ್ಟು ಕೊಟ್ಟ. ‘ಇದು ನಿಮ್ಮಪ್ಪಗ. ಇದು ಉಳದ ಮಂದಿಗೆ. ಕಲಸಬ್ಯಾಡವಾ.’ ಅಷ್ಟೇ ಹೇಳಿದ್ದು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು ಎಂದು ಬಸ್ಸಿನಲ್ಲಿ ಕೂತಾಗ ಅನ್ನಿಸಿತು.

ನನ್ನ ಪಿಎಚ್.ಡಿ. ವಿಷಯ ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಅಡ್ಡಹೆಸರುಗಳು. ಮೂರು ವರ್ಷದಿಂದ ಮನೆ ಮನೆ ಹೊಕ್ಕು, ಕಟ್ಟೆಯ ಮೇಲೆ ಕೂತವರನ್ನು ಮಾತಾಡಿಸಿ, ಒಂದೇ ಪ್ರಶ್ನೆ ಕೇಳುತ್ತ ಬಂದಿದ್ದೇನೆ: ‘ನಿಮ್ಮ ಅಡ್ಡಹೆಸರು ಏನ್ರಿ? ಅದು ಯಾಕ ಬಂತು?’ ಯಾವ ಪ್ರಶ್ನೆಗೆ ನಮ್ಮಪ್ಪ ಜೀವನವಿಡೀ ನೇರ ಉತ್ತರ ಕೊಡದೆ ತಪ್ಪಿಸಿಕೊಂಡನೋ ಅದೇ ಪ್ರಶ್ನೆ. ಇದರಲ್ಲಿರುವ ವಿಚಿತ್ರ ನನಗೆ ಮೊದಲ ವರ್ಷ ಹೊಳೆಯಲೇ ಇಲ್ಲ.

ಹಳೇ ಮೈಸೂರಿನ ಕಡೆಯ ಓದುಗರಿಗಾಗಿ ಎರಡು ಮಾತು. ನಿಮ್ಮ ಕಡೆ ಊರು, ತಂದೆ ಎಲ್ಲ ಹೆಸರಿನ ಹಿಂದೆ ಇನಿಷಿಯಲ್‌ಗಳಾಗಿ ನಿಲ್ಲುತ್ತವೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬುದು ಕೆ.ವಿ. ಪುಟ್ಟಪ್ಪ ಆಗುತ್ತದೆ, ಕುವೆಂಪು ಆಗುತ್ತದೆ. ನಮ್ಮದು 1956ರವರೆಗೆ ಮುಂಬೈ ಆಡಳಿತದಲ್ಲಿದ್ದ ಸೀಮೆ. ಇಲ್ಲಿ ಹೆಸರು, ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ಅದು ಏನು ಬೇಕಾದರೂ ಇರಬಹುದು. ಹುದ್ದೆ ಇರಬಹುದು: ದೇಸಾಯಿ, ದೇಶಪಾಂಡೆ, ಕುಲಕರ್ಣಿ, ಪಾಟೀಲ. ಕಸುಬು ಇರಬಹುದು: ಬಡಿಗೇರ, ಕಂಬಾರ, ಕುಂಬಾರ, ಹಡಪದ. ಮನೆ ಇರಬಹುದು: ಹೊಸಮನಿ, ದೊಡಮನಿ, ಕಲ್ಲಿಮನಿ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಅಕ್ಕಿ ಎಂಬ ಹೆಸರುಗಳನ್ನು ಕೇಳಿ ಬೆಂಗಳೂರಿನ ಗೆಳೆಯರು ನಗುತ್ತಾರೆ. ನಾವೂ ಅವರ ಜೊತೆ ನಗುತ್ತೇವೆ. ಈ ಹೆಸರುಗಳಲ್ಲಿ ನಗಬಹುದಾದಂಥವು ಇವಷ್ಟೇ ಆದ್ದರಿಂದ ಇರಬಹುದು.

‘ಅಡ್ಡ’ ಎಂಬ ಪದವನ್ನು ಗಮನಿಸಿ. ತೊಟ್ಟಿಲಲ್ಲಿ ಸೋದರತ್ತೆ ಮಗುವಿನ ಕಿವಿಯಲ್ಲಿ ಹೇಳುವ ಹೆಸರು ಇದಲ್ಲ. ನಿಘಂಟಿನಲ್ಲಿ ನೋಡಿದರೆ ಜನ ತಮಾಷೆಗೆ ಕರೆಯುವ ಹೆಸರಿಗೂ ಅಡ್ಡಹೆಸರು ಎಂದೇ ಹೇಳುತ್ತಾರೆ. ಅಂದರೆ ಇದು ನಾವು ಇಟ್ಟುಕೊಂಡದ್ದಲ್ಲ, ಬೇರೆಯವರು ಕರೆದದ್ದು, ಕರೆದು ಕರೆದು ಅಂಟಿದ್ದು. ಹಾಗಿದ್ದ ಮೇಲೆ ಅದು ಯಾರ ಸೊತ್ತು? ಕರೆದವರದೋ, ಹೊತ್ತವರದೋ?

ಈ ಪ್ರಶ್ನೆಗೆ ಊರಿನ ಹೆಸರುಳ್ಳ ಅಡ್ಡಹೆಸರುಗಳಲ್ಲಿ ಒಂದು ಸುಳಿವಿದೆ. ನಮ್ಮದು ರೋಣದ. ಅಪ್ಪನದು, ನನ್ನದು. ರೋಣದಲ್ಲಿ ಒಬ್ಬ ಹಿರಿಯರನ್ನು ಕೇಳಿದೆ, ‘ಇಲ್ಲಿ ರೋಣದ ಅನ್ನೋ ಅಡ್ಡಹೆಸರಿನವ್ರು ಎಷ್ಟ ಮನಿ ಅದಾರ್ರಿ ಅಜ್ಜಾರ?’ ಅವರು ನಕ್ಕರು. ‘ಹುಚ್ಚಿ ಇದ್ದೀಯೇನವಾ? ರೋಣದಾಗ ಇದ್ದವ್ರಿಗೆ ರೋಣದ ಅಂತ ಯಾರರ ಕರೀತಾರೇನು? ಇಲ್ಲಿ ಎಲ್ಲಾರೂ ರೋಣದವ್ರ.’ ನನ್ನ ಒಂದು ಅಧ್ಯಾಯದ ಸಾರ ಆ ಮಾತಿನಲ್ಲಿ ಮುಗಿದುಹೋಗಿತ್ತು. ಊರ ಹೆಸರು ಸಾಮಾನ್ಯವಾಗಿ ಊರು ಬಿಟ್ಟವರಿಗೆ ಸಿಗುತ್ತದೆ, ಅದನ್ನು ಕೊಡುವವರು ಹೋದ ಊರಿನ ಜನ. ಗದಗಿಗೋ ಹುಬ್ಬಳ್ಳಿಗೋ ಹೋದವನು ‘ಆ ರೋಣದಂವ’ ಆಗುತ್ತಾನೆ, ಅವನ ಮೊಮ್ಮಕ್ಕಳು ರೋಣವನ್ನು ನೋಡದೆಯೂ ರೋಣದ ಆಗಿಯೇ ಇರುತ್ತಾರೆ. ಹೆಸರನ್ನು ಹಿಡಿದು ನಕಾಶೆ ಬರೆದರೆ ಊರಿನ ಸುತ್ತ ಚುಕ್ಕೆಗಳು ಬಿದ್ದು, ಊರು ಮಾತ್ರ ಖಾಲಿ ಕಾಣುತ್ತದೆ.

ಇದಕ್ಕೆ ವಿನಾಯಿತಿಗಳು ಇಲ್ಲದಿಲ್ಲ. ನರಗುಂದದ ಬಾಬಾಸಾಹೇಬನ ಹೆಸರು ಭಾಸ್ಕರರಾವ್, ಮನೆತನ ಭಾವೆ, ಅದು ಕೊಂಕಣದ ಹೆಸರು. 1858ರಲ್ಲಿ ಕಂಪನಿ ಸರ್ಕಾರದ ವಿರುದ್ಧ ಎದ್ದು ಅದೇ ವರ್ಷ ಬೆಳಗಾವಿಯಲ್ಲಿ ನೇಣಿಗೇರಿದ ಅವನನ್ನು ಜನ ಭಾವೆ ಎಂದು ಕರೆಯಲಿಲ್ಲ, ನರಗುಂದದ ಬಾಬಾಸಾಹೇಬ ಎಂದರು. ಊರಲ್ಲಿ ಇದ್ದುಕೊಂಡೇ ಊರಿನ ಹೆಸರು ಪಡೆಯಬೇಕಾದರೆ ಅರಸನಾಗಿರಬೇಕು, ಇಲ್ಲವೇ ಊರಿಗಾಗಿ ಸಾಯಬೇಕು ಎಂದು ಕಾಣುತ್ತದೆ.

ಈ ಬಗೆಯ ಹೆಸರುಗಳಲ್ಲಿ ಬಲು ದೂರ ಹೋದದ್ದು ಗಜೇಂದ್ರಗಡಕರ. ಮೊದಲು ರೋಣ ತಾಲ್ಲೂಕಿನಲ್ಲೇ ಇದ್ದು ಈಚೆಗೆ ತಾನೇ ತಾಲ್ಲೂಕಾದ ಗಜೇಂದ್ರಗಡ ಘೋರ್ಪಡೆಯವರ ಕೋಟೆ, ಬೆಟ್ಟದ ಮೇಲಿನ ಕಾಲಕಾಲೇಶ್ವರ, ಪಟ್ಟೇದ ಅಂಚಿನ ಸೀರೆ ಇವಕ್ಕೆ ಹೆಸರಾದ ಊರು. ಅಲ್ಲಿಂದ ಸಾತಾರಕ್ಕೆ ಹೋಗಿ ನೆಲೆಸಿದ ಒಂದು ಸಂಸ್ಕೃತ ಪಂಡಿತರ ಮನೆತನಕ್ಕೆ ಈ ಊರಿನ ಹೆಸರು ಮರಾಠಿಯ ‘ಕರ’ ಸೇರಿಸಿಕೊಂಡು ಅಂಟಿತು. ಆ ಮನೆಯಲ್ಲಿ 1901ರಲ್ಲಿ ಹುಟ್ಟಿದ ಪ್ರಲ್ಹಾದ ಬಾಳಾಚಾರ್ಯ ಗಜೇಂದ್ರಗಡಕರ 1964ರಿಂದ 1966ರವರೆಗೆ ಭಾರತದ ಮುಖ್ಯ ನ್ಯಾಯಮೂರ್ತಿಗಳಾಗಿದ್ದರು. ನಡುವೆ ಓದಲು ಧಾರವಾಡದ ಕರ್ನಾಟಕ ಕಾಲೇಜಿಗೆ ಬಂದಿದ್ದರು. ಅಜ್ಜಂದಿರು ಬಿಟ್ಟ ನೆಲದ ಹತ್ತಿರಕ್ಕೆ.

ನನಗೆ ಅವರ ಹೆಸರು ಮುಖ್ಯವಾಗುವುದು ಬೇರೆ ಕಾರಣಕ್ಕೆ. ಆಗಿನ ಮೈಸೂರು ರಾಜ್ಯ 1962ರಲ್ಲಿ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಒಟ್ಟು ಶೇ. 68ರಷ್ಟು ಸೀಟುಗಳನ್ನು ಮೀಸಲಿಟ್ಟು ಆದೇಶ ಹೊರಡಿಸಿತು. ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಹಿಂದುಳಿದಿರುವಿಕೆಯನ್ನು ಅಳೆಯಲು ಜಾತಿ ಒಂದು ಅಂಶವಾಗಬಹುದು, ಅದೊಂದೇ ಅಳತೆಗೋಲಾಗಬಾರದು, ಮೀಸಲು ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ ಇರಬೇಕು ಎಂದ ಆ ತೀರ್ಪನ್ನು ಬರೆದವರು ಗಜೇಂದ್ರಗಡಕರ. ಕನ್ನಡ ನಾಡಿನ ಮಕ್ಕಳ ಜಾತಿಯನ್ನು ಎಷ್ಟು ಲೆಕ್ಕಕ್ಕೆ ಹಿಡಿಯಬೇಕು ಎಂಬ ತೀರ್ಪಿನ ಕೆಳಗೆ ನಮ್ಮ ಪಕ್ಕದ ಊರಿನ ಹೆಸರಿದೆ. ತೀರ್ಪಿನ ಬಗ್ಗೆ ನನಗೆ ತಕರಾರುಗಳಿವೆ, ಅವು ಇಲ್ಲಿ ಬೇಡ. ನನ್ನ ಕಣ್ಣು ಹೋದದ್ದು ಆ ಹೆಸರಿನ ಕಡೆ. ಅವರಿಗೂ ಊರ ಹೆಸರು, ನಮ್ಮಪ್ಪನಿಗೂ ಊರ ಹೆಸರು. ಅವರದು ಎಲ್ಲಿಂದ ಬಂದೆವು ಎಂದು ಹೇಳುತ್ತದೆ. ನಮ್ಮದೂ ಅದನ್ನೇ ಹೇಳುತ್ತದೆ, ಆದರೆ ಬೇರೇನನ್ನೋ ಹೇಳದಿರಲಿಕ್ಕಾಗಿ ಹೇಳುತ್ತದೆ.

ಅಪ್ಪನಿಗೆ ಈ ಹೆಸರು ಬಂದದ್ದು ಹೀಗೆ. ಎಸ್ಸೆಸ್ಸೆಲ್ಸಿ ಮುಗಿಸಿ ಹುಬ್ಬಳ್ಳಿಗೆ ಕಾಲೇಜು ಸೇರಲು ಬಂದಾಗ ಗುಮಾಸ್ತರೊಬ್ಬರು ‘ಎಲ್ಲಿಯಂವ?’ ಎಂದರು. ‘ರೋಣದಂವ್ರೀ.’ ಅವರು ಅರ್ಜಿಯಲ್ಲಿ ‘ರೋಣದ’ ಎಂದು ಬರೆದುಕೊಂಡರು. ಅಪ್ಪ ತಿದ್ದಲಿಲ್ಲ. ಆಮೇಲೆ ಅರ್ಜಿ ಬರೆದು, ಅಫಿಡವಿಟ್ ಮಾಡಿಸಿ, ಉಳಿದ ಕಾಗದಗಳನ್ನೂ ಅದೇ ಹೆಸರಿಗೆ ತಂದ. ಮೊದಲನೆಯದು ಗುಮಾಸ್ತರ ತಪ್ಪು, ಎರಡನೆಯದು ಅಪ್ಪನ ನಿರ್ಧಾರ. ಅಪ್ಪ ಕಥೆ ಹೇಳುವಾಗ ಯಾವಾಗಲೂ ಮೊದಲನೆಯದರಲ್ಲಿ ನಿಲ್ಲಿಸುತ್ತಾನೆ.

ಇಷ್ಟು ಓದಿದ ಮೇಲೆ ನಿಮಗೆ ಒಂದು ಕುತೂಹಲ ಹುಟ್ಟಿರಬಹುದು: ಹಾಗಾದರೆ ಮೊದಲಿನ ಅಡ್ಡಹೆಸರು ಯಾವುದು? ಅದನ್ನು ಇಲ್ಲಿ ಬರೆಯುವುದಿಲ್ಲ. ನಿಮ್ಮ ಮೇಲೆ ಅಪನಂಬಿಕೆಯಿಂದಲ್ಲ. ಆ ಪದ ಗೊತ್ತಾದ ಕೂಡಲೇ ಈ ಲೇಖನವನ್ನು ನೀವು ಬೇರೆ ಬಗೆಯಲ್ಲಿ ಓದತೊಡಗುತ್ತೀರಿ, ಮರುಕದಿಂದಲೋ, ಮೆಚ್ಚುಗೆಯಿಂದಲೋ, ಇನ್ನೊಂದರಿಂದಲೋ. ಅದು ಗೊತ್ತಿಲ್ಲದೆ ಓದುವುದು ಸಾಧ್ಯವೇ ಎಂದು ನೋಡುವ ಆಸೆ ನನಗೆ.

ನರಗುಂದದ ಹತ್ತಿರದ ಒಂದು ಹಳ್ಳಿಯಲ್ಲಿ ಒಬ್ಬ ಅಜ್ಜಿ ನನ್ನನ್ನು ಹೀಗೆ ಸುಲಭಕ್ಕೆ ಬಿಡಲಿಲ್ಲ. ತನ್ನ ತವರಿನ ಹೆಸರು, ಗಂಡನ ಮನೆಯ ಹೆಸರು, ಅವು ಬಂದ ಬಗೆ, ಎಲ್ಲ ಒಂದೂ ಬಿಡದೆ ಹೇಳಿ, ಎಲೆಯಡಿಕೆ ಬಾಯಿಗೆ ಹಾಕಿಕೊಂಡು, ‘ಎಲ್ಲಾ ನಂದ ಬರಕೊಂಡೆವಾ ಯವ್ವಾ. ನಿಂದೇನು?’ ಅಂದಳು.

‘ರೋಣದ’ ಅಂದೆ.

‘ಅದು ಊರಾತು. ನಿಂದು?’

ಪೆನ್ನು ಕೈಯಲ್ಲಿ ಹಿಡಿದುಕೊಂಡು ನಾನು ಕೂತೇ ಇದ್ದೆ. ಅವಳಿಗೆ ನನ್ನನ್ನು ಸಿಕ್ಕಿಸಬೇಕೆಂದೇನೂ ಇರಲಿಲ್ಲ. ಕೊಟ್ಟಿದ್ದಳು, ಈಗ ಕೇಳುತ್ತಿದ್ದಳು. ಅಂಗಳದಲ್ಲಿ ನಡೆಯುವ ಮಾತಿನ ಸರಳ ನ್ಯಾಯ ಅದು. ನಾನು ಹೇಳಿದೆ. ಅವಳು ‘ಹಂಗನೂ?’ ಎಂದು, ನಮ್ಮ ಬಳಗದ ಯಾರನ್ನೋ ನೆನಪಿಸಿಕೊಂಡು, ಚಹಾ ಇಟ್ಟಳು.

ಅಂದಿನಿಂದ ಕ್ಷೇತ್ರಕಾರ್ಯದಲ್ಲಿ ಒಂದು ನೇಮ ಇಟ್ಟುಕೊಂಡಿದ್ದೇನೆ. ಯಾರ ಅಡ್ಡಹೆಸರನ್ನು ಕೇಳುವ ಮೊದಲೂ ನನ್ನದನ್ನು, ಹಳೆಯದನ್ನು, ಹೇಳುತ್ತೇನೆ. ಕೆಲವು ಕಡೆ ಆಮೇಲೆ ಚಹಾ ಬಂದಿಲ್ಲ. ಅದನ್ನೂ ಬರೆದುಕೊಂಡಿದ್ದೇನೆ.

ಧಾರವಾಡದಲ್ಲಿ ಖೋಲಿ ಹುಡುಕುವಾಗಲೂ ಇದೇ ಪ್ರಶ್ನೆ ಬಂದಿತ್ತು. ಬಾಡಿಗೆ, ಡಿಪಾಜಿಟ್ಟು ಎಲ್ಲ ಮಾತಾಗಿತ್ತು. ಮನೆಯ ಹಿರಿಯ ಹೆಂಗಸು ಬಹಳ ಮೃದುವಾಗಿ ‘ರೋಣದ ಅಂದ್ರ ಯಾರ ಪೈಕಿ ಆದ್ರಿ?’ ಎಂದು ಕೇಳಿದರು. ‘ರೋಣ ಕಡೆಯವ್ರ್ರೀ’ ಎಂದೆ. ‘ಅಲ್ಲ, ಪೈಕಿ?’ ಎಂದರು. ‘ಅಪ್ಪಾರು ಹುಬ್ಬಳ್ಳ್ಯಾಗ ನೌಕರಿ ಮಾಡ್ತಾರ್ರೀ’ ಎಂದೆ. ಎರಡೂ ನಿಜ. ಎರಡೂ ಉತ್ತರವಲ್ಲ. ಖೋಲಿ ಸಿಕ್ಕಿತು, ಅಥವಾ ಅವರು ತಮಗೆ ಬೇಕಾದ ಉತ್ತರವನ್ನು ತಾವೇ ಊಹಿಸಿಕೊಂಡರು.

ನಿಜವನ್ನೇ ಹೇಳಿ ಎದುರಿನವರು ತಪ್ಪು ತಿಳಿಯುವಂತೆ ಮಾಡುವುದು ಸುಳ್ಳೇ? ನೀತಿಶಾಸ್ತ್ರ ಓದಿದವರಿಗೆ ಇಲ್ಲಿ ಇಮ್ಯಾನ್ಯುಯೆಲ್ ಕಾಂಟ್ ನೆನಪಾಗದಿರುವುದಿಲ್ಲ. ಕೊಲೆಗಾರನೊಬ್ಬ ಬಾಗಿಲಿಗೆ ಬಂದು ‘ನಿನ್ನ ಗೆಳೆಯ ಒಳಗಿದ್ದಾನೆಯೇ?’ ಎಂದರೂ ಸುಳ್ಳು ಹೇಳಬಾರದು ಎಂದು 1797ರಲ್ಲಿ ವಾದಿಸಿದವನು ಅವನು. ಆ ಪ್ರಬಂಧವನ್ನು ಮೊದಲ ಸಲ ಓದಿದಾಗ ಈ ಮನುಷ್ಯನಿಗೆ ಬಾಡಿಗೆ ಖೋಲಿ ಹುಡುಕುವ ಪ್ರಸಂಗ ಬಂದಿರಲಿಲ್ಲವೇನೋ ಅಂದುಕೊಂಡಿದ್ದೆ. ಆದರೆ ಕಾಂಟ್ ಬದುಕಿನಲ್ಲಿ ಇನ್ನೊಂದು ಪ್ರಸಂಗವಿದೆ. ಧರ್ಮದ ಬಗ್ಗೆ ಬರೆದದ್ದಕ್ಕಾಗಿ 1794ರಲ್ಲಿ ಪ್ರಷ್ಯಾದ ಅರಸ ಅವನಿಗೆ ಎಚ್ಚರಿಕೆ ಕೊಟ್ಟಾಗ, ‘ತಮ್ಮ ನಿಷ್ಠಾವಂತ ಪ್ರಜೆಯಾಗಿ’ ಇನ್ನು ಆ ವಿಷಯ ಎತ್ತುವುದಿಲ್ಲ ಎಂಬ ಅರ್ಥದ ಮಾತು ಬರೆದುಕೊಟ್ಟ. 1797ರಲ್ಲಿ ಅರಸ ಸತ್ತ. ಮರುವರ್ಷದ ಪುಸ್ತಕದ ಮುನ್ನುಡಿಯಲ್ಲಿ ಕಾಂಟ್ ಬಿಡಿಸಿ ಹೇಳಿದ: ಆ ಪದಗಳನ್ನು ಬೇಕೆಂದೇ ಆರಿಸಿದ್ದೆ, ಆ ಅರಸ ಬದುಕಿರುವಷ್ಟು ಕಾಲಕ್ಕೆ ಮಾತ್ರ ಅವು ನನ್ನನ್ನು ಕಟ್ಟಿಹಾಕುವಂತೆ. ಸುಳ್ಳಲ್ಲ, ಪೂರ್ತಿ ಉತ್ತರವೂ ಅಲ್ಲ. ರೋಣ ಕಡೆಯವ್ರ್ರೀ ಅಂದ ಹಾಗೆ.

ಕಾಂಟ್ ಎಂಬ ಅಡ್ಡಹೆಸರಿಗೂ ಒಂದು ಕಥೆಯಿದೆ, ಅದು ನನ್ನ ವಿಷಯಕ್ಕೆ ಇನ್ನೂ ಹತ್ತಿರದ್ದು. ತನ್ನ ಅಜ್ಜ ಸ್ಕಾಟ್ಲೆಂಡಿನಿಂದ ಬಂದವನು ಎಂದು ಕಾಂಟ್ ನಂಬಿದ್ದ, ಕಾಗದದಲ್ಲಿ ಹಾಗೆಯೇ ಬರೆದಿದ್ದ. ನಂತರದ ಸಂಶೋಧಕರಿಗೆ ಅದಕ್ಕೆ ಆಧಾರ ಸಿಗಲಿಲ್ಲ. ಈಗಿನ ಲಿಥುವೇನಿಯಾದಲ್ಲಿರುವ ಕಾಂಟ್‌ವಾಗೆನ್ ಎಂಬ ಹಳ್ಳಿಯಿಂದ ಆ ಹೆಸರು ಬಂದಿರಬೇಕು ಎಂಬುದು ಅವರ ತೀರ್ಮಾನ. ಅಂದರೆ ಇದೂ ಊರು ಬಿಟ್ಟವರಿಗೆ ಅಂಟಿದ ಹೆಸರು. ಜರ್ಮನ್ನರಲ್ಲಿ ಇಂಥವು ಬೇಕಾದಷ್ಟಿವೆ. ಫ್ರಾಂಕ್‌ಫರ್ಟ್ ಬಿಟ್ಟವನು ಫ್ರಾಂಕ್‌ಫರ್ಟರ್, ವಿಯೆನ್ನಾ ಬಿಟ್ಟವನು ವೀನರ್. ನಮ್ಮ ರೋಣದ, ನರಗುಂದಕರರ ಹಾಗೆಯೇ. ಅಲ್ಲಿನ ವಿದ್ವಾಂಸರು 2005ರ ಸ್ಥಿರ ದೂರವಾಣಿಗಳ ದತ್ತಾಂಶ ಇಟ್ಟುಕೊಂಡು ಇಡೀ ದೇಶದ ಅಡ್ಡಹೆಸರುಗಳ ನಕಾಶೆ ಸಂಪುಟಗಳನ್ನೇ ತಂದಿದ್ದಾರೆ. ನಾನು ಅವನ್ನು ನೋಡಿದ್ದು ಹೊಟ್ಟೆಕಿಚ್ಚಿನಿಂದ.

ಕಾಂಟನ ತಂದೆ ಲಗಾಮು, ಕುದುರೆ ಸರಂಜಾಮಿನ ತೊಗಲಿನ ಪಟ್ಟಿಗಳನ್ನು ಮಾಡುತ್ತಿದ್ದ ಕುಶಲಕರ್ಮಿ. ಮಗ ಅದೇ ಊರಿನಲ್ಲಿ ಓದಿ, 1770ರಲ್ಲಿ ಅದೇ ಊರಿನ ವಿಶ್ವವಿದ್ಯಾಲಯದ ಪ್ರಾಧ್ಯಾಪಕನಾದ. ಅದೇ ಕಾಲದಲ್ಲಿ ನಮ್ಮ ಸೀಮೆಯಲ್ಲಿ ತೊಗಲಿನ ಕೆಲಸದವನ ಮಗನಿಗೆ ಯಾವ ಹೆಸರಿರುತ್ತಿತ್ತು, ಆ ಹೆಸರು ಅವನನ್ನು ಯಾವ ಬಾವಿಯಿಂದ ಎಷ್ಟು ದೂರ ನಿಲ್ಲಿಸುತ್ತಿತ್ತು ಎಂದು ನಾನು ವಿವರಿಸಬೇಕಾಗಿಲ್ಲ. ಜರ್ಮನಿಯಲ್ಲಿ ಬಡತನ ಇತ್ತು, ಮೇಲುಕೀಳು ಇತ್ತು. ಆದರೆ ಶ್ಮಿಟ್ ಎಂಬ ಕಮ್ಮಾರರ ಹೆಸರನ್ನು ಹೊತ್ತವರಲ್ಲಿ ಕೂಲಿಯವನೂ ಇದ್ದ, ಪ್ರಾಧ್ಯಾಪಕನೂ ಇದ್ದ, 1974ರಿಂದ 1982ರವರೆಗೆ ದೇಶ ಆಳಿದ ಹೆಲ್ಮುಟ್ ಶ್ಮಿಟ್‌ನೂ ಇದ್ದ. ಹಾಗೆ ಎಲ್ಲರೂ ಹೊತ್ತು ಹೊತ್ತು ಆ ಹೆಸರು ಕಮ್ಮಾರಿಕೆಯಿಂದ ಕಳಚಿಕೊಂಡಿತು. ಇಂದು ಅದು ಬರೀ ಹೆಸರು. ಹಾಗೆಂದು ಅಲ್ಲಿ ಹೆಸರುಗಳೆಲ್ಲ ಮುಗ್ಧವಾದವು ಎಂದೇನೂ ಅಲ್ಲ. ಹೆಸರಿನಿಂದ ಯಹೂದಿಗಳೆಂದು ಗುರುತು ಸಿಗದವರು 1939ರ ಜನವರಿಯಿಂದ ಗಂಡಸರಾದರೆ ‘ಇಸ್ರೇಲ್’, ಹೆಂಗಸರಾದರೆ ‘ಸಾರಾ’ ಎಂದು ಸೇರಿಸಿಕೊಳ್ಳಲೇಬೇಕು ಎಂದು ನಾತ್ಸಿ ಸರ್ಕಾರ ಕಾನೂನು ಮಾಡಿತು. ಏನನ್ನೂ ಹೇಳದ ಹೆಸರುಗಳು ಆ ಸರ್ಕಾರಕ್ಕೆ ಬೇಡವಾಗಿದ್ದವು.

ಆ ಕಾನೂನನ್ನು ಓದಿದ ದಿನ ಧಾರವಾಡದ ಆ ಮನೆಯ ಹೆಂಗಸಿನ ಪ್ರಶ್ನೆ ನನಗೆ ಮತ್ತೆ ಕೇಳಿಸಿತು. ಹೋಲಿಕೆ ದೊಡ್ಡದಾಯಿತು ಎಂದು ನನ್ನ ಸಹಪಾಠಿ ಬೈದಳು, ಅವಳು ಹೇಳಿದ್ದು ಸರಿಯೇ. ಆ ಹೆಂಗಸು ಯಾರನ್ನೂ ಕೊಲ್ಲುವವರಲ್ಲ. ಖೋಲಿ ಇಲ್ಲ ಅನ್ನುವವರು, ಅಷ್ಟೇ. ಆದರೂ ಅಜ್ಜಿಯ ‘ನಿಂದು?’ ಮತ್ತು ಇವರ ‘ಪೈಕಿ?’ ಒಂದೇ ಪ್ರಶ್ನೆಯಲ್ಲ. ಅಜ್ಜಿ ತನ್ನದನ್ನು ಕೊಟ್ಟು ಕೇಳಿದಳು. ಇವರು ತಮ್ಮದನ್ನು ಹೇಳಲಿಲ್ಲ, ಹೇಳುವ ಅಗತ್ಯವೇ ಅವರಿಗೆ ಇರಲಿಲ್ಲ. ಸತ್ಯ ಯಾರಿಗೆ ಸಲ್ಲಬೇಕು ಎನ್ನುವುದು ಕೇಳಿದವರು ಉತ್ತರ ಇಟ್ಟುಕೊಂಡು ಏನು ಮಾಡುತ್ತಾರೆ ಎಂಬುದರ ಮೇಲೆ ನಿಂತಿದೆ ಎಂದು ನಾನು ಈಗ ತಿಳಿದಿದ್ದೇನೆ. ಶಿಷ್ಯವೇತನಕ್ಕೆ ಅರ್ಜಿ ಹಾಕುವಾಗ ನಾನು ಜಾತಿ ಪ್ರಮಾಣಪತ್ರ ಲಗತ್ತಿಸುತ್ತೇನೆ, ಖೋಲಿ ಕೇಳುವಾಗ ಊರ ಹೆಸರು ಹೇಳುತ್ತೇನೆ. ಇದು ಎರಡು ನಾಲಿಗೆ ಎನ್ನುವವರಿದ್ದಾರೆ. ಒಬ್ಬರು ಹಳೆಯ ಬಾಕಿಯ ಒಂದು ಪಾಲು ತೀರಿಸಲು ಕೇಳುತ್ತಾರೆ, ಇನ್ನೊಬ್ಬರು ಬಾಗಿಲು ಹಾಕಲು ಕೇಳುತ್ತಾರೆ. ಇಬ್ಬರಿಗೂ ಒಂದೇ ಉತ್ತರ ಯಾಕೆ ಸಲ್ಲಬೇಕು?

ಇಲ್ಲಿಯವರೆಗೆ ನಾನು ಅಪ್ಪನ ವಕೀಲಳು. ದೊಡ್ಡಪ್ಪನ ಕಡೆ ನೋಡಿದರೆ ವಾದ ಅಷ್ಟು ಸಲೀಸಾಗಿಲ್ಲ.

ಶ್ಮಿಟ್ ಹಗುರಾದದ್ದು ಯಾರೂ ಅದನ್ನು ಬಿಡದೆ ಹೊತ್ತದ್ದರಿಂದ. ನಮ್ಮಲ್ಲಿ ಓದಿದವರು, ನೌಕರಿ ಸಿಕ್ಕವರು ಮೊದಲು ಮಾಡುವ ಕೆಲಸ ಹೆಸರು ಬಿಡುವುದು. ಹೀಗೆ ಒಬ್ಬೊಬ್ಬರೇ ಬಿಟ್ಟು ಹೋದರೆ ಆ ಹೆಸರು ಕೊನೆಗೆ ಬಿಡಲಾರದವರ ಹತ್ತಿರ ಮಾತ್ರ ಉಳಿಯುತ್ತದೆ. ಆಗ ಅದರ ಅರ್ಥ ಇನ್ನೂ ಗಟ್ಟಿಯಾಗುತ್ತದೆ: ನೋಡಿ, ಈ ಹೆಸರಿನವರು ಎಂದೂ ಮುಂದೆ ಬರಲಿಲ್ಲ ಎಂದು. ಅಪ್ಪ ನನಗೆ ಹಗುರ ಹೆಸರು ಕೊಟ್ಟ, ಅದರ ತೂಕ ರೋಣದಲ್ಲಿ ಉಳಿದ ಅಣ್ಣನ ಮಕ್ಕಳ ಮೇಲೆ ಬಿತ್ತು. ಯಾರೂ ಬೇಕೆಂದು ಮಾಡಿದ್ದಲ್ಲ. ಬೇಕೆಂದು ಮಾಡದೆ ಇದ್ದುದಕ್ಕೂ ನಾವು ಹೊಣೆಯೇ ಎಂಬುದು ತರಗತಿಯಲ್ಲಿ ಚರ್ಚಿಸಲು ಚಂದದ ಪ್ರಶ್ನೆ. ಮದುವೆ ಮನೆಯಲ್ಲಿ ಅಷ್ಟು ಚಂದವಲ್ಲ.

ಬಿಡದೆ ಹೊತ್ತವರೂ ನಮ್ಮಲ್ಲಿದ್ದಾರೆ. ಹನ್ನೆರಡನೆಯ ಶತಮಾನದಲ್ಲಿ ಮಾದಾರ ಚೆನ್ನಯ್ಯ, ಮಡಿವಾಳ ಮಾಚಯ್ಯ, ಡೋಹರ ಕಕ್ಕಯ್ಯ ತಮ್ಮ ಕಸುಬಿನ ಹೆಸರನ್ನು ಬಚ್ಚಿಡಲಿಲ್ಲ. ಅಂಬಿಗರ ಚೌಡಯ್ಯನಂತೂ ಒಂದು ಹೆಜ್ಜೆ ಮುಂದೆ ಹೋದ. ಉಳಿದವರು ತಮ್ಮ ದೈವದ ಹೆಸರನ್ನು ಅಂಕಿತವಾಗಿಟ್ಟರೆ ಇವನು ‘ಅಂಬಿಗರ ಚೌಡಯ್ಯ’ ಎಂಬ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ. ನಮ್ಮ ಕಾಲಕ್ಕೆ ಬಂದರೆ ಘೋಡಗೇರಿಯ ಚಂದ್ರಶೇಖರ ಕಂಬಾರರು ಕಂಬಾರರಾಗಿಯೇ 2010ನೇ ಸಾಲಿನ ಜ್ಞಾನಪೀಠದವರೆಗೆ ಹೋ‌ದರು. ಈಗ ಕಂಬಾರ ಎಂದರೆ ವಿದ್ಯಾರ್ಥಿಗಳಿಗೆ ಮೊದಲು ಹೊಳೆಯುವುದು ಕುಲುಮೆಯಲ್ಲ, ನಾಟಕ. ಒಬ್ಬರು ಒಂದು ಪದಕ್ಕೆ ಎಷ್ಟು ಮಾಡಬಹುದು!

ಆದರೆ ಇದನ್ನು ಎಲ್ಲರ ಕರ್ತವ್ಯ ಎನ್ನಲು ನನಗೆ ಬಾಯಿ ಬರುವುದಿಲ್ಲ. ಹೆಸರನ್ನು ಹಗುರ ಮಾಡುವ ಕೆಲಸ ಅದರಡಿ ನಲುಗಿದವರದೇ ಏಕಾಗಬೇಕು? ಹದಿನಾರು ವರ್ಷದ ಹುಡುಗ ಕಾಲೇಜಿನ ಕಿಟಕಿಯ ಮುಂದೆ ನಿಂತಾಗ ಅವನ ಮುಂದೆ ಇಡೀ ಸಮುದಾಯದ ಇತಿಹಾಸ ಇರುವುದಿಲ್ಲ, ಹಾಸ್ಟೆಲಿನ ಊಟದ ಸಾಲು ಇರುತ್ತದೆ. ರಾಮಜಿ ಮಾಲೋಜಿ ಸಕ್ಪಾಳರ ಮಗನನ್ನು ಜಗತ್ತು ಬಲ್ಲದ್ದು ಅಂಬಡವೆ ಎಂಬ ಊರಿನ ಹೆಸರಿನಿಂದ ಹುಟ್ಟಿದ ಅಂಬೇಡ್ಕರ್ ಎಂಬ ಹೆಸರಿನಲ್ಲಿ. ಆ ಊರ ಹೆಸರು ಯಾವುದನ್ನೂ ಮುಚ್ಚಲಿಲ್ಲ. ಗಂಗೂಬಾಯಿ ಹಾನಗಲ್ಲರದೂ ಊರಿನ ಹೆಸರೇ. ತಂದೆ ಚಿಕ್ಕೂರಾವ್ ನಾಡಿಗೇರ, ಗಂಡ ಗುರುರಾವ್ ಕೌಲಗಿ. ಹಾಡಿದ್ದು ಎರಡೂ ಅಲ್ಲದ, ತಾಯಿಯ ಕಡೆಯ ಊರಿನ ಹೆಸರಿನಲ್ಲಿ. ಬಾಲ್ಯದಲ್ಲಿ ಉಂಡ ಜಾತಿಯ ಅವಮಾನಗಳನ್ನು ಅವರು ತಾವೇ ಮುಚ್ಚುಮರೆ ಇಲ್ಲದೆ ಹೇಳಿಕೊಂಡಿದ್ದಾರೆ. ಊರ ಹೆಸರು ಮರೆಯಾಗಬೇಕೆಂದೇನೂ ಇಲ್ಲ ಅಂತಾಯಿತು. ನಮ್ಮ ಮನೆಯಲ್ಲಿ ಅದನ್ನು ಮರೆಯಾಗಿಸಿಕೊಂಡದ್ದು ನಾವು. (ನನಗೆ ಮದುವೆ ನೋಡುತ್ತಿದ್ದಾರೆ. ಅದಾದರೆ ಇರುವ ಹೆಸರೂ ಹೋಗಿ ಮೂರನೆಯದು ಬರಬೇಕಂತೆ. ಅದು ಬೇರೆಯದೇ ಲೇಖನ.)

ಮದುವೆಯ ಹಿಂದಿನ ದಿನ, ಹಂದರದ ಕೆಳಗೆ, ದೊಡ್ಡಪ್ಪನನ್ನು ಕೇಳಿದೆ, ‘ಎರಡು ಬಗೀದು ಯಾಕ ಮಾಡಿಸಿದಿ ದೊಡ್ಡಪ್ಪಾ? ಬ್ಯಾಸರ ಆಗಲಿಲ್ಲೇನು?’

ದೊಡ್ಡಪ್ಪ ಬಾಳೆಕಂಬಕ್ಕೆ ಹಗ್ಗ ಬಿಗಿಯುತ್ತಿದ್ದ. ‘ಬ್ಯಾಸರ ಆತು. ಆದ್ರ ಅಂವಗ ಅಲ್ಲಿ ಹತ್ತ ಮಂದಿ ಜೋಡಿ ದಿನಾ ಕುಂತು ಉಣ್ಣೂದೈತಿ. ನನಗ ಇಲ್ಲಿ ಯಾರ ಜೋಡಿ ಉಣ್ಣೂದು ಗೊತ್ತೈತಿ.’ ಗಂಟು ಹಾಕಿ, ಎಳೆದು ನೋಡಿ, ಮತ್ತೆ ಹೇಳಿದ: ‘ಐವತ್ತಕ್ಕ ಬ್ಯಾರೆ ಪ್ಲೇಟ್ ಅಂತ ಅಚ್ಚಿನಂವ ನಾಕನೂರ ಹೆಚ್ಚಿಗಿ ತೊಗೊಂಡ. ಅದನ್ನ ನಿಮ್ಮಪ್ಪಗ ಹೇಳಬ್ಯಾಡ.’

ನಾನು ಹೇಳಿಲ್ಲ. ಅಪ್ಪ ಈ ಪತ್ರಿಕೆಯನ್ನು ಓದುವುದಿಲ್ಲ, ಓದಿದರೆ ಈಗ ಗೊತ್ತಾಗುತ್ತದೆ.

ಪ್ರಬಂಧ ಈ ತಿಂಗಳು ಸಲ್ಲಿಕೆಗೆ ಹೋಗಬೇಕು. ರಕ್ಷಾಪುಟದ ಮೇಲೆ ನನ್ನ ಹೆಸರು ರೋಣದ ಎಂದೇ ಇದೆ. ಕಾಗದಪತ್ರ ಎಲ್ಲ ಅದರಲ್ಲೇ ಇವೆ, ಅದು ನನ್ನ ಹೆಸರೂ ಹೌದು. ಕೃತಜ್ಞತೆಯ ಪುಟದಲ್ಲಿ ಮಾಹಿತಿ ಕೊಟ್ಟವರ ಪಟ್ಟಿಯ ಮೊದಲಿಗೆ ದೊಡ್ಡಪ್ಪನ ಹೆಸರನ್ನು, ತಂದೆಯ ಹೆಸರು, ಅಡ್ಡಹೆಸರು ಸಹಿತ, ಪೂರ್ತಿಯಾಗಿ ಬರೆದಿದ್ದೇನೆ. ಕರಡು ನೋಡಿದ ಗೈಡ್ ಆ ಸಾಲಿನ ಮೇಲೆ ಪೆನ್ಸಿಲ್ ಇಟ್ಟು, ‘ಇವರು ನಿಮಗ ಏನಾಗಬೇಕ್ರಿ?’ ಎಂದು ಕೇಳಿದರು.

‘ದೊಡ್ಡಪ್ಪ ಆಗಬೇಕ್ರಿ ಸರ್. ಅಪ್ಪಾರ ಖಾಸ ಅಣ್ಣ’ ಎಂದೆ.

ಅವರು ಪುಟ ತಿರುಗಿಸಿದರು.